ಕಾಫೀಲಿ ರೀಲು ತೊಳೀಬಹುದಂತೆ!

ಗುಂಪು: ಆಲ್ದೂರು ಮನೆ ಬಳಗ

ಸುರೇಶ ಚಿಕ್ಕಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಹಳೇ ಕ್ಯಾಮೆರಾ ಬಿಸಾಡಬೇಡಿ!! ಬ್ಯಾಟರಿ ಬೇಡ, ಸ್ಟುಡಿಯೋ ಬೇಡ, ಕೆಮಿಕಲ್ ಬೇಡ. ಕಾಫಿಯ ಕೆಫೀನ್‌ನಲ್ಲೇ ರೀಲು ತೊಳೆದು ಫೋಟೋ ಮೂಡಿಸಬಹುದು!! ಪ್ರತಿ ಬೆಳೆಗಾರರಿಗೂ ಕಳಿಸಿ 🙏

ವಿನಯ: ಎಲ್ಲಿಂದ ಬಂತು ಚಿಕ್ಕಪ್ಪ ಇದು? ಕಾಫಿ ಗಿಡ ಕೊರೆಯೋ ಹುಳ ಬೋರರ್‌ಗೆ ಮಜ್ಜಿಗೆ ಹೊಡೀರಿ ಅಂತ ಕಳಿಸಿದ್ದೂ ನೀವೇ.

ದೊಡ್ಡಪ್ಪ: ಅನ್ನ ಕೊಡೋ ಬೆಳೆ. ಹೀಗೆಲ್ಲ ಚೆಲ್ಲಬಾರದು.

ಸ್ಮಿತಾ: ಅರ್ಧ ನಿಜ. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜೀಲಿ ಮಾಡಿ ತೋರಿಸಿದ್ರು. ಕೆಲಸ ಮಾಡೋದು ಕೆಫೀನ್ ಅಲ್ಲ, ಕಾಫೀಲಿರೋ ಕೆಫೀಕ್ ಆಮ್ಲದಂಥವು. ಅರ್ಧ ಲೀಟರ್ ನೀರಿಗೆ ವಾಷಿಂಗ್ ಸೋಡಾ ಒಣ ಪುಡಿ 27 ಗ್ರಾಂ, ವಿಟಮಿನ್ ಸಿ ಪುಡಿ 8, ಇನ್‌ಸ್ಟಂಟ್ ಕಾಫಿ 20. ಇದೇ ಕ್ರಮ, ಒಂದು ಕರಗಿದ ಮೇಲೇ ಇನ್ನೊಂದು. ಸೋಡಾ ಹರಳಾಗಿದ್ರೆ 73 ಗ್ರಾಂ, ಅದರಲ್ಲಿ ನೀರೇ ಜಾಸ್ತಿ. ನೊರೆ ಇಳಿಯೋಕೆ ಐದು ನಿಮಿಷ ಬಿಡಿ. ಕಪ್ಪು ಬಿಳುಪು ರೀಲಿಗೆ 20 ಡಿಗ್ರೀಲಿ 15 ನಿಮಿಷ. ಮೊದಲ ನಿಮಿಷ ಪೂರ್ತಿ, ಆಮೇಲೆ ನಿಮಿಷಕ್ಕೆ ಮೂರು ಸಲ, ರೀಲು ಹಾಕಿರೋ ಬೆಳಕು ಹೋಗದ ಡಬ್ಬಿ ಮಗುಚಿ.

ಸುಮಕ್ಕ: ಅಡುಗೆ ಸೋಡಾ ನಡೆಯುತ್ತಾ?

ಸ್ಮಿತಾ: ಇಲ್ಲ ಅಕ್ಕ, ಕ್ಷಾರ ಸಾಲಲ್ಲ, ಚಿತ್ರ ಏಳೋದೇ ಇಲ್ಲ. ಕೊನೇಲಿ ಹೈಪೊ (ಚಿತ್ರ ಉಳಿಸೋ ಕೆಮಿಕಲ್) ಬೇಕೇ ಬೇಕು. ಇಲ್ದಿದ್ರೆ ಉಳಿದ ಬೆಳ್ಳಿ ಲವಣ ಬೆಳಕಿಗೆ ಕಪ್ಪಾಗುತ್ತೆ. ಕೆಮಿಕಲ್ ಬೇಡ ಅನ್ನೋದು ಸುಳ್ಳು.

ದೊಡ್ಡಪ್ಪ: ಚಿಕೋರಿ ಬೆರೆಸಿದ್ದು ಆಗುತ್ತಾ?

ಸ್ಮಿತಾ: ಬೇಡ ದೊಡ್ಡಪ್ಪ. ಬರೀ ಕಾಫಿ, ಅಗ್ಗದ್ದೇ ಸಾಕು. ರೊಬಸ್ಟಾ ಆದ್ರೆ ಇನ್ನೂ ಒಳ್ಳೇದು.

ಸುರೇಶ ಚಿಕ್ಕಪ್ಪ: ಕೇಳಿದ್ಯಾ ಅಣ್ಣ? ಪಾಲಾಗುವಾಗ ಅರೇಬಿಕಾ ನೀನಿಟ್ಕೊಂಡು ರೊಬಸ್ಟಾ ನನ್ನ ತಲೆಗೆ ಕಟ್ಟಿದ್ದೆ.

ದೊಡ್ಡಪ್ಪ: ಗುಂಪಲ್ಲಿ ಪಾಲಿನ ಮಾತು ಬೇಡ. ಹಿರಿಯರ ಮರ್ಯಾದೆ ಇರಲಿ.

ಪ್ರಕಾಶಣ್ಣ: ಅಜ್ಜನ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ನೆನಪಾಯ್ತು! ಬೇಲೂರು ಗೋಪುರ, ಅಜ್ಜಿ ಕಣ್ಣು ಮುಚ್ಚಿದ್ದು... ಒಂದು ರೀಲಿಗೆ ಇದ್ದಿದ್ದೇ 12 ಫೋಟೋ 😄

ವಿನಯ: ಅಟ್ಟದಿಂದ ಅದು ಯಾರ ಕಾರಲ್ಲಿ ಹೋಯ್ತು ಅಂತಾನೂ ನೆನಪಿದೆ.

ಪ್ರಕಾಶಣ್ಣ: ರಿಪೇರಿಗೆ ಒಯ್ದಿದ್ದು ಮಾರಾಯ. ಇನ್ನೂ ಅಂಗಡೀಲೇ ಇದೆ.

ಸ್ಮಿತಾ: ಅದರಲ್ಲಿರೋದು ಒಂದು ಲೆನ್ಸು, ಒಂದು ಸ್ಪ್ರಿಂಗ್ ಶಟರ್. ಕೆಡೋಕೆ ಏನೂ ಇಲ್ಲ ಅಂತಲೇ ಇವತ್ತಿಗೂ ಹುಡುಕ್ತಾರೆ. ಅದಕ್ಕೆ ಹಾಕೋ 120 ಅನ್ನೋ ಅಳತೆಯ ರೀಲು ಈಗಲೂ ಸಿಗುತ್ತೆ. ಬಿಸಿಲಿಗೆ ISO (ಬೆಳಕು ಹಿಡಿಯೋ ವೇಗ) 100ರದ್ದು ಹಾಕಿ, ಶಟರ್ ನಿಧಾನ, 400ರದ್ದಕ್ಕೆ ಬೆಳಕು ಮಿತಿಮೀರುತ್ತೆ. ಹಿಂದಿನ ಕೆಂಪು ಕಿಟಕಿಗೆ ಕಪ್ಪು ಟೇಪ್ ಹಾಕಿ, ಸುತ್ತುವಾಗ ಮಾತ್ರ ನೆರಳಲ್ಲಿ ತೆಗೆದು ನಂಬರ್ ನೋಡಿ. ಈಗಿನ ರೀಲಿಗೆ ಕೆಂಪು ಬೆಳಕೂ ತಾಗುತ್ತೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಲೇಬೇಡಿ, ತೇವ ಹಿಡಿದು ಲೆನ್ಸಿಗೆ ಬೂಷ್ಟು ಬರುತ್ತೆ.

ಪ್ರಕಾಶಣ್ಣ: ಟೇಪ್ ಆಗ್ಲೇ ಹಾಕಿದೀನಿ. ಐದು ಫೋಟೋ ಆಯ್ತು.

ವಿನಯ: ಅಂಗಡೀಲಿ ಅಂದ್ರಲ್ಲ?

ಪ್ರಕಾಶಣ್ಣ: 🚫 ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ನಾನು ಓದಿ ಆಯ್ತು.