ಏಳನೇ ಫೇರ್‌ವೇ ನೀರು ಬಸಿಯಲು ಚಳಿಗಾಲದ ಕೆಲಸ: ಸಲಹೆ ಬೇಕು

ಏಳನೇಹೋಲ್: ಬೆಂಗಳೂರಿನ ಹೊರವಲಯದ ನಮ್ಮ ಗಾಲ್ಫ್ ಕೋರ್ಸ್ ಕೆಂಪು ಜೇಡಿಮಣ್ಣು. ಹಿಂಗಾರು ಮಳೆ ನಿಂತು ವಾರವಾದರೂ ಏಳನೇ ಫೇರ್‌ವೇ (ಕುಳಿಯತ್ತ ಚೆಂಡು ಹೊಡೆಯುತ್ತ ಸಾಗೋ ಹುಲ್ಲಿನ ಹಾದಿ) ಕೆಸರು ಆರಲ್ಲ. ಡಿಸೆಂಬರ್–ಜನವರಿಯಲ್ಲಿ ಟ್ರೆಂಚ್ ತೋಡಿ, ತೂತಿನ ಪೈಪ್ ಹಾಕಿ, ಸುತ್ತ ಜಲ್ಲಿ, ಮೇಲೆ ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ತುಂಬೋ ಯೋಚನೆ ಇದೆ. ಏನಂತೀರಿ?

ಹಸಿರುಹಾಸು: ಚಳಿಯಲ್ಲಿ ಬೇಡ ಸರ್. ಈ ಹೊತ್ತಲ್ಲಿ ಬರ್ಮುಡಾ ಹುಲ್ಲು ಹರಡೋದೇ ನಿಧಾನ. ತೋಡಿದ ಗಾಯ ಬೇಗ ಮುಚ್ಚಲ್ಲ. ಮಾರ್ಚ್‌ವರೆಗೆ ಕಾಯಿರಿ.

ಕೆಂಪುಮಣ್ಣು: "ಕಾಯಿರಿ" ಅಂದರೆ ಏಪ್ರಿಲ್–ಮೇ ಗುಡುಗುಮಳೆಗೆ ಸಡಿಲ ಟ್ರೆಂಚ್ ಕುಸೀಲಿ ಅಂತಲಾ? ಜನವರಿ ಹೊತ್ತಿಗೆ ಜೇಡಿ ಹದಕ್ಕೆ ಬಂದಿರುತ್ತೆ. ಒದ್ದೆ ಇದ್ದಾಗ ತೋಡಿದರೆ ಟ್ರೆಂಚಿನ ಗೋಡೆ ಗಿಲಾವು ಮಾಡಿದ ಹಾಗೆ ನುಣುಪಾಗಿ, ಪಕ್ಕದ ನೀರು ಒಳಗೇ ಬರಲ್ಲ. ಹುಲ್ಲನ್ನ ಚಾಪೆಯಾಗಿ ಕತ್ತರಿಸಿ ಎತ್ತಿಟ್ಟು ಮತ್ತೆ ಹಾಸಿದರೆ ಗಾಯದ ಮಾತೇ ಇಲ್ಲ.

ಗೀತಾ_ಟರ್ಫ್: ಹುಲ್ಲಿನ ಚಿಂತೆ ಆಮೇಲೆ. ಎಂ-ಸ್ಯಾಂಡ್ ಅಂದ್ರಲ್ಲ, ಅದೇ ದೊಡ್ಡ ತಪ್ಪು! ಕಲ್ಲುಪುಡಿ ಕೆಳಗಿಳಿದು ಜಲ್ಲಿಯ ಸಂದು ಕಟ್ಟುತ್ತೆ.

ಸೈಟ್‌ಇಂಜಿನಿಯರ್: "ದೊಡ್ಡ ತಪ್ಪು" ಅನ್ನೋಕೆ ಆಧಾರ ಏನು ಮೇಡಂ? ಮರಳು-ಜಲ್ಲಿಯ ಭಾರತೀಯ ಮಾನದಂಡ ಐಎಸ್ 383, 2016ರ ಆವೃತ್ತಿ ನೋಡಿ. ಒಡೆದ ಕಲ್ಲಿನ ಮರಳಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇ. 15ರವರೆಗೆ ಇರಬಹುದು.

ಗೀತಾ_ಟರ್ಫ್: ಅದು ಕಾಂಕ್ರೀಟಿಗೆ! ಕಾಂಕ್ರೀಟಲ್ಲಿ ಸಂದು ತುಂಬಬೇಕು, ಇಲ್ಲಿ ಸಂದು ಉಳೀಬೇಕು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಪ್ರಕಾರ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಕೆಳಗಿನ ಮರಳು ಮಿಶ್ರಣದಲ್ಲಿ ಸಿಲ್ಟ್ (ಹೂಳಿನಂಥ ನುಣ್ಣನೆ ಕಣ) ಶೇ. 5, ಜೇಡಿ ಶೇ. 3 ಮೀರಬಾರದು. ಗಂಟೆಗೆ ಕನಿಷ್ಠ 150 ಮಿ.ಮೀ. ನೀರು ಇಳೀಬೇಕು.

ಸೈಟ್‌ಇಂಜಿನಿಯರ್: ನೀವೇ "ಗ್ರೀನ್" ಅಂದ್ರಿ. ಕೇಳಿದ್ದು ಫೇರ್‌ವೇ. ಎಂ-ಸ್ಯಾಂಡ್ ಬೇಡ ಅಂದ್ರೆ ಹೊಳೆ ಮರಳು ಯಾವ ಬೆಲೆಗೆ, ಯಾವ ಪರ್ಮಿಟ್ ಮೇಲೆ ತರಿಸ್ತೀರಿ? ತೊಳೆದ ಎಂ-ಸ್ಯಾಂಡ್ ಸಿಗುತ್ತೆ.

ಗೀತಾ_ಟರ್ಫ್: "ತೊಳೆದ" ಅಂತ ಬಿಲ್ಲಲ್ಲಿ ಬರೆದರೆ ಸಾಕಾ? ಗಾಜಿನ ಜಾಡಿಗೆ ಮರಳು, ನೀರು ಹಾಕಿ ಕುಲುಕಿ ರಾತ್ರಿಯಿಡೀ ಇಡಿ. ಮೇಲೆ ಬೂದು ಪದರ ಕೂತರೆ ಲೋಡ್ ವಾಪಸ್ ಕಳಿಸಿ.

ಇಳಿಜಾರು: ಒಂದು ಮಾತು. ಪೈಪಿನ ಬಾಯಿ ಎಲ್ಲಿಗೆ ಬಿಡ್ತೀರಿ? ಹೊಂಡಕ್ಕಾದರೆ, ಮಳೆಗಾಲದಲ್ಲಿ ಹೊಂಡದ ಮಟ್ಟ ಪೈಪಿಗಿಂತ ಮೇಲೇರಿದರೆ ನೀರು ಹೋಗೋದೆಲ್ಲಿಗೆ? ನೂರು ಅಡಿಗೆ ಒಂದಡಿ ಇಳಿಜಾರಾದರೂ ಸಿಗುತ್ತಾ?

ಸೈಟ್‌ಇಂಜಿನಿಯರ್: ಜಾಡಿ ಕುಲುಕೋದು ಪರೀಕ್ಷೆನಾ? ಜರಡಿ ಪರೀಕ್ಷೆಯ ವರದಿ ತನ್ನಿ, ಆಮೇಲೆ ಮಾತಾಡೋಣ.

ಹಸಿರುಹಾಸು: ಯಾವ ಮರಳಾದ್ರೂ ಹಾಕಿ, ಜನವರಿಯಲ್ಲಿ ಹುಲ್ಲು ಕೂಡಲ್ಲ. ಎತ್ತಿಟ್ಟ ಚಾಪೆ ಅಂಚಿಂದ ಒಣಗುತ್ತೆ.

ಕೆಂಪುಮಣ್ಣು: "ಒಣಗುತ್ತೆ" ಅಂದ್ರೆ ನೀರು ಬಿಡೋರಿಲ್ಲ ಅಂತ. ಅದು ಮಾಲಿಗಳ ಕೆಲಸ, ಋತುವಿನ ತಪ್ಪಲ್ಲ.

ಹಸಿರುಹಾಸು: ಮಾಲಿಗಳ ಮೇಲೆ ಹಾಕಬೇಡಿ ಸ್ವಾಮಿ! ಬೆಳಗಿನ ಜಾವ ಐದಕ್ಕೆ ಬಂದು ದುಡಿಯೋರು ಅವರು. ಮೆಂಬರ್‌ಗಳು ಹಸಿ ಚಾಪೆ ಮೇಲೇ ಕಾರ್ಟ್ ಓಡಿಸ್ತಾರೆ, ಅದನ್ನ ಮೊದಲು ನಿಲ್ಲಿಸಿ.

ಏಳನೇಹೋಲ್: ಎರಡೂ ಮರಳಿನ ಸ್ಯಾಂಪಲ್ ಲ್ಯಾಬಿಗೆ ಕಳಿಸ್ತೀನಿ.

ಗೀತಾ_ಟರ್ಫ್: ಯಾವ ಲ್ಯಾಬ್ ಸರ್? ಕಾಂಕ್ರೀಟ್ ಲ್ಯಾಬ್ ಆದರೆ "ಪಾಸ್" ಅಂತಲೇ ಬರುತ್ತೆ. ನೀರು ಎಷ್ಟು ವೇಗದಲ್ಲಿ ಇಳಿಯುತ್ತೆ ಅಂತ ಅಳೆಸಿ.

ಸೈಟ್‌ಇಂಜಿನಿಯರ್: ಪಾಸ್ ಆಗುತ್ತೆ ಅಂತ ಒಪ್ಪಿದ್ರಲ್ಲ, ಅಷ್ಟೇ ನಾನು ಹೇಳಿದ್ದು.

ಇಳಿಜಾರು: ಪೈಪಿನ ಬಾಯಿ ಎಲ್ಲಿಗೆ ಅಂತ ಇನ್ನೂ ಯಾರೂ ಹೇಳಿಲ್ಲ.