ಅಪ್‌ಡೇಟ್: ಐಹೊಳೆಯಲ್ಲಿ ಕಳೆದ ಉಂಗುರ ಮತ್ತು ಮೆಟಲ್ ಡಿಟೆಕ್ಟರ್ ಅನುಮತಿ

ಐಹೊಳೆಯ ಗುಡಿಯೊಂದರ ಆವರಣದಲ್ಲಿ ಬಿದ್ದ ತಂಗಿಯ ಉಂಗುರವನ್ನು ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಲು ಯಾರ ಅನುಮತಿ ಬೇಕೆಂದು ಕಳೆದ ವಾರ ಕೇಳಿದ್ದೆ. ಗ್ರಾಮ ಪಂಚಾಯಿತಿಯ ಪತ್ರ ಸಾಕೆಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. 1958ರ ಸ್ಮಾರಕ ಕಾಯ್ದೆಯ ಪ್ರಕಾರ ಸಂರಕ್ಷಿತ ಜಾಗದಲ್ಲಿ ಮಣ್ಣು ಅಗೆಯಲು ಕೇಂದ್ರ ಸರ್ಕಾರದ ಅನುಮತಿಯೇ ಬೇಕು. ‘ಮೊದಲು ಕಾವಲು ಸಿಬ್ಬಂದಿಯನ್ನು ಕೇಳಿರಿ’ ಎಂದವರ ಮಾತು ಫಲಿಸಿತು. ಯಂತ್ರವನ್ನು ಚೀಲದಿಂದ ಹೊರತೆಗೆಯಲೂ ಬಿಡದ ಆ ಹಿರಿಯರು ತಾವೇ ನಮ್ಮೊಡನೆ ಕುಕ್ಕರುಗಾಲಿನಲ್ಲಿ ಕುಳಿತು ಹುಲ್ಲು ಸರಿಸುತ್ತ ಹುಡುಕಿದರು. ಉಂಗುರ ಕರಿಕೆಯ ಬುಡದಲ್ಲಿ, ಅರ್ಧ ಮಣ್ಣು ಮೆತ್ತಿಕೊಂಡು ಸಿಕ್ಕಿತು. (ಡಿಟೆಕ್ಟರ್ ಬಾಡಿಗೆ ಮಾತ್ರ ದಂಡವಾಯಿತು.) ನನಗೆ ಹೊಸದಾಗಿ ತಿಳಿದದ್ದು, ಹುದುಗಿದ್ದ ನಿಧಿ ಸ್ವಂತ ಹೊಲದಲ್ಲೇ ಸಿಕ್ಕರೂ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು.