ನಡೆಯುತ್ತಿರುವ ಸೀಸದ ಕಾರ್ಖಾನೆಯನ್ನು ಪೂರ್ತಿ ಮುಚ್ಚಿ ಕಟ್ಟಿದರೆ ಮನೆಗಳಿಗೆ ದೂಳು ಬರುವುದು ನಿಲ್ಲುತ್ತದೆಯೇ?

ಪ್ರಶ್ನೆ (ನಿವಾಸಿ)

ನಮ್ಮ ಮನೆಗಳ ಸಾಲಿಗೆ ಹೊಂದಿಕೊಂಡಂತೆ, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕಾರ್ಖಾನೆಯೊಂದಿದೆ. ಚಿಮಣಿಗೆ ಬ್ಯಾಗ್ ಫಿಲ್ಟರ್ ಅಳವಡಿಸಿದ್ದರೂ ಅಂಗಳದಿಂದಲೂ ಕುಲುಮೆಯ ಬಾಯಿಯಿಂದಲೂ ಏಳುವ ದೂಳು ಕಡಿಮೆಯಾಗಿಲ್ಲ. ಉತ್ಪಾದನೆಯನ್ನು ನಿಲ್ಲಿಸದೆಯೇ ಇಡೀ ಘಟಕದ ಸುತ್ತ ಗೋಡೆ, ಮೇಲೆ ಛಾವಣಿ ಕಟ್ಟುವುದಾಗಿ ಆಡಳಿತದವರು ಈಗ ಹೇಳುತ್ತಿದ್ದಾರೆ. ಸಣ್ಣ ಮಕ್ಕಳಿರುವ ಮನೆಗಳಿಗೆ ಇದರಿಂದ ನಿಜವಾದ ರಕ್ಷಣೆ ದೊರೆಯುತ್ತದೆಯೇ? ಒಪ್ಪಿಗೆ ಕೊಡುವ ಮೊದಲು ನಾವು ಏನನ್ನು ಕೇಳಬೇಕು?

ಉತ್ತರ 1 (ವಾತಾಯನ ಎಂಜಿನಿಯರ್)

ಗೋಡೆಯೂ ಛಾವಣಿಯೂ ತಾವಾಗಿ ದೂಳನ್ನು ತಡೆಯಲಾರವು. ಫ್ಯಾನುಗಳು ಒಳಗಿನ ಗಾಳಿಯನ್ನು ಸತತವಾಗಿ ಎಳೆದು ಫಿಲ್ಟರಿಗೆ ಒಯ್ಯುತ್ತಿರಬೇಕು. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾಗಿ, ಪ್ರತಿಯೊಂದು ಸಂದಿಯಲ್ಲೂ ಗಾಳಿ ಒಳಮುಖವಾಗಿ ಹರಿಯುತ್ತದೆ. ಇಂಥ ಘಟಕಗಳಿಗಾಗಿ ಅಮೆರಿಕ 2012ರಲ್ಲಿ ಪ್ರಕಟಿಸಿದ ನಿಯಮ ಕೇಳುವ ಒತ್ತಡದ ವ್ಯತ್ಯಾಸ 0.013 ಮಿ.ಮೀ. ಪಾದರಸ, ಅಂದರೆ ಸುಮಾರು 1.7 ಪ್ಯಾಸ್ಕಲ್. ಇಷ್ಟು ಅಲ್ಪವಾದ ವ್ಯತ್ಯಾಸವನ್ನು ತೆರೆದ ಬಾಗಿಲೊಂದೇ ಅಳಿಸಿಬಿಡಬಲ್ಲದು.

ಲೆಕ್ಕ ಹಾಕಿ ನೋಡಿ. 60 ಮೀಟರ್ ಉದ್ದ, 30 ಮೀಟರ್ ಅಗಲ, 12 ಮೀಟರ್ ಎತ್ತರದ ಕಟ್ಟಡದಲ್ಲಿ 21,600 ಘನ ಮೀಟರ್ ಗಾಳಿಯಿರುತ್ತದೆ. ಅದನ್ನು ಗಂಟೆಗೆ ನಾಲ್ಕು ಬಾರಿ ಬದಲಿಸುವ ಫ್ಯಾನುಗಳು ಸೆಕೆಂಡಿಗೆ 24 ಘನ ಮೀಟರ್ ಎಳೆಯುತ್ತವೆ. ಲಾರಿಗಾಗಿ ಇಟ್ಟ 5 ಮೀಟರ್ ಅಗಲ, 5 ಮೀಟರ್ ಎತ್ತರದ ಬಾಗಿಲು ತೆರೆದಿದ್ದರೆ, ಉಳಿದ ಸಂದಿಗಳೆಲ್ಲ ಮುಚ್ಚಿದ್ದರೂ, ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಹೊರಗೆ ಸಾಧಾರಣ ಗಾಳಿ ಬೀಸಿದರೂ ದೂಳು ಆಚೆ ಬರುತ್ತದೆ. ಆದ್ದರಿಂದ ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವ ಜೋಡಿ ಬಾಗಿಲಿನ ಕೋಣೆ ಲಾರಿಗಳಿಗೆ ಬೇಕೇ ಬೇಕು. ಫಿಲ್ಟರ್ ಶೇ. 99ರಷ್ಟು ದೂಳನ್ನು ಹಿಡಿದರೂ, ಎದ್ದ ದೂಳಿನಲ್ಲಿ ಶೇ. 70 ಮಾತ್ರ ಫಿಲ್ಟರಿಗೆ ತಲುಪಿದರೆ ಒಟ್ಟು ನಿಯಂತ್ರಣ ಶೇ. 69ರ ಸುಮಾರಿಗೇ ನಿಲ್ಲುತ್ತದೆ.

ಉತ್ತರ 2 (ಕಾರ್ಮಿಕ ಸುರಕ್ಷತೆಯ ಕೆಲಸದಲ್ಲಿರುವವರು)

ಹೊರಗೆ ಹೋಗುತ್ತಿದ್ದ ದೂಳು ಇನ್ನು ಒಳಗೇ ಉಳಿಯುತ್ತದೆ, ಅದನ್ನು ಉಸಿರಾಡುವವರು ಅಲ್ಲಿನ ಕೆಲಸಗಾರರು ಎಂಬುದನ್ನು ದಯವಿಟ್ಟು ಮರೆಯಬೇಡಿ. ಕುಲುಮೆಯ ಬಾಯಿ, ಸೀಸ ಸುರಿಯುವ ಜಾಗ, ಬ್ಯಾಟರಿ ಒಡೆಯುವ ಯಂತ್ರ, ಈ ಮೂರೂ ಕಡೆ ದೂಳು ಏಳುವಲ್ಲಿಯೇ ಅದನ್ನು ಹೀರುವ ಹುಡ್‌ಗಳಿರಬೇಕು; ಕಟ್ಟಡದ ಗಾಳಿ ಎಳೆಯುವುದು ಅದರ ನಂತರದ ಮಾತು. ಕೆಲಸದ ಬಟ್ಟೆ ಕಾರ್ಖಾನೆಯಲ್ಲಿಯೇ ಉಳಿಯದಿದ್ದರೆ ಕಾರ್ಮಿಕರ ಮನೆಯ ಮಕ್ಕಳಿಗೂ ಸೀಸ ತಲುಪುತ್ತದೆ.

ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಕಾರ್ಖಾನೆ ನಡೆಯುತ್ತಿರುವಾಗಲೇ ನಿರ್ಮಾಣ ಕೆಲಸವೂ ನಡೆಯುವುದರಿಂದ, ಆ ತಿಂಗಳುಗಳಲ್ಲಿ ಪರಿಸ್ಥಿತಿ ಇನ್ನಷ್ಟು ಹದಗೆಡುವುದಿಲ್ಲವೇ?

ಉತ್ತರ 3 (ವಾತಾಯನ ಎಂಜಿನಿಯರ್)

ಖಂಡಿತ ಹದಗೆಡಬಹುದು. ಹಳೆಯ ತೊಲೆಗಳ ಮೇಲೆ ವರ್ಷಗಟ್ಟಲೆ ಕೂತ ದೂಳನ್ನು ವ್ಯಾಕ್ಯೂಮ್‌ನಿಂದ ತೆಗೆಯದೆ ಶೀಟು ಬಿಚ್ಚಿದರೆ ಅದೆಲ್ಲ ಒಮ್ಮೆಲೇ ಗಾಳಿಗೆ ಸೇರುತ್ತದೆ. ಅಡಿಪಾಯಕ್ಕೆ ಅಗೆದ ಮಣ್ಣಿನಲ್ಲಿಯೂ ಸೀಸವಿರಬಹುದಾದ್ದರಿಂದ ಅದನ್ನು ತೇವವಾಗಿಟ್ಟು, ಮುಚ್ಚಿದ ಲಾರಿಯಲ್ಲೇ ಸಾಗಿಸಬೇಕು. ಕೆಲಸ ಶುರುವಾಗುವ ಮೊದಲೇ ಕಾರ್ಖಾನೆಯ ಬೇಲಿಯಲ್ಲಿ ಗಾಳಿಯ ಮಾದರಿ ಸಂಗ್ರಹಿಸುವ ಯಂತ್ರಗಳನ್ನು ಇರಿಸುವಂತೆ ಒತ್ತಾಯಿಸಿ. ಇಲ್ಲವಾದರೆ ಮುಂದೆ ಹೋಲಿಸಿ ನೋಡಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಒಪ್ಪಂದದಲ್ಲಿ ಗೋಡೆಯ ನಕ್ಷೆಗಿಂತ ಒತ್ತಡದ ದಾಖಲೆಗೆ ಹೆಚ್ಚು ಬೆಲೆ ಕೊಡಿ. ಮಾಪಕಗಳು ಗಾಳಿ ಬಂದು ಬಡಿಯುವ ಗೋಡೆಯಲ್ಲಿಯೂ ಅದರ ಎದುರು ಗೋಡೆಯಲ್ಲಿಯೂ ಇರಲಿ, ಅಂಕಿಗಳು ನಿರಂತರವಾಗಿ ದಾಖಲಾಗಲಿ, ನಿವಾಸಿಗಳು ಕೇಳಿದಾಗ ಅವು ಸಿಗುವಂತಿರಲಿ. ಭೇಟಿಗೆ ಹೋದಾಗ ಲಾರಿ ಬಾಗಿಲಿನ ಕೆಳ ಅಂಚಿನ ರಬ್ಬರ್ ಪಟ್ಟಿಯನ್ನು ಬಗ್ಗಿ ನೋಡಿ: ಅದು ಹರಿದಿದ್ದರೆ, ಹೊರಬದಿಯ ನೆಲದ ಮೇಲೆ ಬೂದುಬಣ್ಣದ ದೂಳಿನ ಗೆರೆ ಮೂಡಿದ್ದರೆ, ಆ ದಿನದ ಒತ್ತಡದ ದಾಖಲೆಯನ್ನು ಅಲ್ಲಿಯೇ ಕೇಳಿ ಪಡೆಯಿರಿ.